ಪಾಸ್‌ಬುಕ್ಕಿಗೊಂದು ರಬ್ಬರ್ ಬ್ಯಾಂಡ್

ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ವಯಸ್ಸು 38. ದುಡ್ಡಿನ ವಿಷಯದಲ್ಲಿ ಸಲಹೆ ಕೇಳಲು ಮೊದಲ ಸಲ ನನ್ನ ಆಫೀಸಿಗೆ ಬಂದಾಗ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ರಬ್ಬರ್ ಬ್ಯಾಂಡ್ ಬೇರೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಮನುಷ್ಯ ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿಕೊಂಡು ಬರುತ್ತಾರಂತೆ. "ಮೊಬೈಲಲ್ಲಿ ನೋಡಿದ್ರೆ ನಂಬಿಕೆ ಬರಲ್ಲ ಮೇಡಂ, ಅಚ್ಚಾಗಿ ಬರಬೇಕು" ಅಂದರು. ಕೊನೆಯ ಸಾಲಿನಲ್ಲಿ 47 ಲಕ್ಷ ಚಿಲ್ಲರೆ ಇತ್ತು. ಅಷ್ಟೂ ಒಂದೇ ಉಳಿತಾಯ ಖಾತೆಯಲ್ಲಿ.

ದೊಡ್ಡ ಬ್ಯಾಂಕುಗಳಲ್ಲಿ ಉಳಿತಾಯ ಖಾತೆಗೆ ಸಿಗುವ ಬಡ್ಡಿ ಈಗ ಶೇ 2.5ರ ಆಸುಪಾಸು. ಬೆಲೆ ಏರಿಕೆ ಶೇ 4ರಷ್ಟಿದೆ ಅಂದುಕೊಂಡರೂ ಅವರ ದುಡ್ಡು ವರ್ಷಕ್ಕೆ ಸುಮಾರು 70 ಸಾವಿರದಷ್ಟು ಸವೆಯುತ್ತದೆ. ಇದು ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತು. ಎಕ್ಸೆಲ್‌ನಲ್ಲಿ ನನಗಿಂತ ಚುರುಕು. ಆದರೂ ಅದನ್ನು ಬೇರೆ ಕಡೆ ಹಾಕಲು ಕೈ ಬರುವುದಿಲ್ಲ.

ಅವರು ಹೈಸ್ಕೂಲಿನಲ್ಲಿದ್ದಾಗ ಅಪ್ಪನಿಗೆ ಆಪರೇಷನ್ ಆಯಿತು. ಮನೆಯಲ್ಲಿದ್ದ ಎರಡು ಹಸು ಒಂದೇ ವಾರದಲ್ಲಿ ಹೋದವು, ಅದೂ ಅರ್ಧ ಬೆಲೆಗೆ. ಆಮೇಲೆ ಓದೆಲ್ಲ ಹಾಸ್ಟೆಲಿನಲ್ಲಿ. ದುಡ್ಡು ಬೇಕಾದ ದಿನ ಕೈಯಲ್ಲಿರಬೇಕು ಅನ್ನುವುದು ಅಲ್ಲೇ ತಲೆಯೊಳಗೆ ಕೂತಿದೆ.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ, ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ ಕಟಾವಾದ ಮೇಲೆ ಚೆನ್ನಾಗಿ ಮಾಡಿದರು. ನನ್ನ ಹತ್ತಿರ ಬರುವವರದ್ದು ಇನ್ನೊಂದು ತೊಂದರೆ. ಕಟಾವಾಗಿ ಹದಿನೈದು ವರ್ಷವಾದರೂ ಸುಗ್ಗಿ ಬಂದಿದೆ ಅಂತ ಮನಸ್ಸು ಒಪ್ಪಿಲ್ಲ. (ನಾನೇನು ಕಮ್ಮಿಯಿಲ್ಲ. ನಮ್ಮ ಹಾಸಿಗೆ ಕೆಳಗೆ ಮಡಿಸಿಟ್ಟ ಪ್ಲಾಸ್ಟಿಕ್ ಕವರುಗಳನ್ನು ಯಾರೂ ಎಣಿಸದಿದ್ದರೆ ಸಾಕು.)

ಇದರ ಉಲ್ಟಾ ಇರುವವರೂ ಬರುತ್ತಾರೆ. ಮೊದಲ ಸಂಬಳಕ್ಕೇ ಮೂರು ಇಎಂಐ. ಅವರ ಮಾತು ಇನ್ನೊಂದು ಸಲ.

ಹೆದರಿ ಕೂಡಿಡುವವರಿಗೆ ಮ್ಯೂಚುವಲ್ ಫಂಡ್ ಪಾಠ ಶುರು ಮಾಡಿದರೆ ತಲೆಯಾಡಿಸಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಅದಕ್ಕೇ ಈ ಮ್ಯಾನೇಜರನ್ನು ನಾನು ಮೊದಲು ಕೇಳಿದ್ದು: "ಎಷ್ಟು ದುಡ್ಡು ಮುಟ್ಟದೇ ಇಟ್ಟರೆ ರಾತ್ರಿ ನಿದ್ದೆ ಬರುತ್ತೆ?" ತುಂಬ ಹೊತ್ತು ಸುಮ್ಮನಿದ್ದರು. ಮನೆ ಖರ್ಚು ತಿಂಗಳಿಗೆ 50 ಸಾವಿರ. ಆರು ತಿಂಗಳದ್ದು ಸಾಕು ಅನ್ನುವುದು ನಮ್ಮಂಥ ಸಲಹೆಗಾರರ ಮಾಮೂಲಿ ಲೆಕ್ಕ. ಅವರು ಹದಿನೆಂಟು ತಿಂಗಳದ್ದು ಬೇಕು ಅಂದರು, 9 ಲಕ್ಷ. ನಾನು ಚೌಕಾಸಿ ಮಾಡಲಿಲ್ಲ.

ಆಗಲೇ ಇನ್ನೊಂದು ವಿಷಯ ಹೇಳಿದೆ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯಲ್ಲಿ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಹೆಚ್ಚೆಂದರೆ 5 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. 2020ರವರೆಗೆ ಅದೂ 1 ಲಕ್ಷ ಮಾತ್ರ ಇತ್ತು. ಭದ್ರವಾಗಿರಲಿ ಅಂತಲೇ 47 ಲಕ್ಷವನ್ನು ಒಂದೇ ಕಡೆ ಇಟ್ಟಿದ್ದವರ ಮುಖ ನೋಡಬೇಕಿತ್ತು! ಎರಡು ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷದ ಒಂದೊಂದು ಎಫ್‌ಡಿ ಮಾಡಿಸಿದೆವು, ಬೇಕೆಂದಾಗ ಮುರಿಯಬಹುದಾದಂಥದ್ದು. ಆಮೇಲೆ ಅಪ್ಪ ಅಮ್ಮನ ಆರೋಗ್ಯ ವಿಮೆ. ಇಷ್ಟು ವರ್ಷ ಆಸ್ಪತ್ರೆಗೆ ಹೆದರಿ ದುಡ್ಡು ಕೂಡಿಟ್ಟವರು ಅದನ್ನೇ ಮಾಡಿಸಿರಲಿಲ್ಲ. ಇವೆರಡೂ ಆದ ಮೇಲೆ ಉಳಿದ ದುಡ್ಡನ್ನು ತಿಂಗಳಿಗಿಷ್ಟು ಅಂತ ಸರಿಸಲು ಅವರೇ ಒಪ್ಪಿದರು.

ಊರಿನಿಂದ ಬರುವ ಫೋನುಗಳಿಗೂ ಒಂದು ಮೊತ್ತ ತೆಗೆದಿಟ್ಟೆವು. ತಮ್ಮನ ಫೀಸು, ಅತ್ತೆಯ ಮನೆ ರಿಪೇರಿ. ಇಲ್ಲ ಅನ್ನಲೂ ಆಗದೆ, ಕೊಟ್ಟ ಮೇಲೆ ಒಳಗೊಳಗೇ ಕುದಿಯುವುದು ಇದರಿಂದ ಸ್ವಲ್ಪ ತಪ್ಪುತ್ತದೆ.

ಕಷ್ಟವಾಗಿದ್ದು ಕೊನೆಯದು. ತಿಂಗಳಿಗೆ 3 ಸಾವಿರ, ಅವರಿಗೋಸ್ಕರ ಮಾತ್ರ, ಸುಮ್ನೆ ಖರ್ಚು ಮಾಡಬೇಕು. ಲೆಕ್ಕ ಬರೆಯುವಂತಿಲ್ಲ. ಮೊದಲ ತಿಂಗಳು ಅಷ್ಟೂ ಹಾಗೇ ಉಳಿಸಿಕೊಂಡು ಬಂದು, ಪರೀಕ್ಷೆಯಲ್ಲಿ ಪಾಸಾದವರ ಹಾಗೆ ತೋರಿಸಿದರು. ಎರಡನೇ ತಿಂಗಳೂ ಅದೇ. ಮೇ ತಿಂಗಳಲ್ಲಿ ಫೋನ್ ಬಂತು. ಬಾದಾಮಿ ಮಾವಿನಹಣ್ಣು ಒಂದು ಪೂರ್ತಿ ಬಾಕ್ಸ್ ತಗೊಂಡೆ ಅಂದರು. ಚಿಕ್ಕವರಿದ್ದಾಗ ಮನೆಗೆ ಹಣ್ಣು ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರವಂತೆ. ಬೆಲೆಯನ್ನು ಮಾತ್ರ ನನಗೆ ಎರಡು ಸಲ ಹೇಳಿದರು.