ಓವನ್ ಬಾಗಿಲು ಮುಚ್ಚುವ ಮೊದಲೇ ಹದ: ಖಾರಾ ಬನ್, ಮೊಸರಿನ ಕೇಕು, ಪ್ಲಮ್ ಕೇಕು

ಮನೆಯಲ್ಲಿ ಬೇಕಿಂಗ್ ಕಲಿಯಲು ಈಗಷ್ಟೇ ಶುರು ಮಾಡಿದವರಿಗೆ ಅಂತ ಈ ಟಿಪ್ಪಣಿ. ನಾನೂ ಇನ್ನೂ ಕಲಿಯುತ್ತಿರುವವಳೇ. ಆದರೆ ಒಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ಎಷ್ಟೋ ಕೆಜಿ ಮೈದಾ ಉಳಿಯುತ್ತಿತ್ತು ಅನ್ನಿಸಿದೆ, ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಸಾರಿಗೆ ಉಪ್ಪು ಕಡಿಮೆಯಾದರೆ ಆಮೇಲೆ ಹಾಕಬಹುದು. ಹುಳಿ ಜಾಸ್ತಿಯಾದರೆ ಚೂರು ಬೆಲ್ಲ. ಪಲ್ಯ ನೀರಾದರೆ ಉರಿ ಜೋರು ಮಾಡಿ ಇಂಗಿಸಬಹುದು. ನಮ್ಮ ಅಡುಗೆ ಎಲ್ಲ ಹೀಗೇ, ಒಲೆ ಮುಂದೆ ನಿಂತು ನೋಡುತ್ತಾ, ರುಚಿ ನೋಡುತ್ತಾ ಹದಕ್ಕೆ ತರುವಂಥದ್ದು. ಬೇಕಿಂಗ್‌ನಲ್ಲಿ ಹಾಗಾಗುವುದಿಲ್ಲ. ಓವನ್ ಬಾಗಿಲು ಮುಚ್ಚಿದ ಮೇಲೆ ಕೈ ಆಡಿಸಲು ಏನೂ ಉಳಿದಿರುವುದಿಲ್ಲ. ಹದ ಎಲ್ಲಾ ಮೊದಲೇ ಆಗಿರಬೇಕು, ಆ ಹದವನ್ನು ಅಂಕಿಯಲ್ಲಿ ಹಿಡಿಯಬೇಕು. ಅದಕ್ಕೇ ತೂಕ, ಅದಕ್ಕೇ ಥರ್ಮಾಮೀಟರು.

ಅಳತೆಯ ಕಪ್ಪು ಬೇಡ, ತಕ್ಕಡಿ ಇಟ್ಟುಕೊಳ್ಳಿ

ಒಂದು ದಿನ ಸುಮ್ನೆ ಪರೀಕ್ಷೆಗೆ ಅಂತ ಒಂದೇ ಕಪ್ಪಿನಲ್ಲಿ ಮೂರು ಸಲ ಮೈದಾ ಅಳೆದೆ. ಚಮಚದಿಂದ ಹಗುರವಾಗಿ ತುಂಬಿ ಮೇಲೆ ಚಾಕು ಎಳೆದಾಗ 122 ಗ್ರಾಂ ಬಂತು. ಕಪ್ಪನ್ನೇ ಡಬ್ಬಿಯೊಳಗೆ ಮುಳುಗಿಸಿ ತೆಗೆದಾಗ 141. ಅಕ್ಕಿ ಅಳೆಯುವಾಗ ಅಮ್ಮ ಪಾವನ್ನು ಕುಟ್ಟಿ ತುಂಬುತ್ತಾರಲ್ಲ, ಹಾಗೆ ಮಾಡಿದಾಗ 156. ಕಪ್ಪು ಅದೇ, ಹಿಟ್ಟು ಅದೇ, ವ್ಯತ್ಯಾಸ ಮಾತ್ರ ಕಾಲು ಭಾಗಕ್ಕಿಂತ ಜಾಸ್ತಿ. ಕಪ್ಪಿನ ಲೆಕ್ಕದ ರೆಸಿಪಿ ಒಬ್ಬರಿಗೆ ಮೆತ್ತಗೆ ಬಂದು ಇನ್ನೊಬ್ಬರಿಗೆ ಕಲ್ಲಾಗುವುದಕ್ಕೆ ದೊಡ್ಡ ಕಾರಣ ಇದೇ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಕಲಿಕೆಯಲ್ಲಿ ಮೊದಲು ಕೊಳ್ಳಬೇಕಾದ ವಸ್ತು. ಬೀಟರ್ ಆಮೇಲೆ, ಚಂದದ ಟಿನ್‌ಗಳು ಇನ್ನೂ ಆಮೇಲೆ.

ಬೇಕರಿಯವರು ಲೆಕ್ಕ ಹಾಕುವ ರೀತಿಯೇ ಬೇರೆ. ಹಿಟ್ಟನ್ನು 100 ಅಂತ ಇಟ್ಟುಕೊಂಡು ಉಳಿದದ್ದೆಲ್ಲ ಅದರ ಶೇಕಡಾ ಎಷ್ಟು ಅಂತ ನೋಡುತ್ತಾರೆ. ಮೆತ್ತನೆಯ ಬನ್ನಿಗೆ ನೀರು ಅಥವಾ ಹಾಲು 60, ಬೆಣ್ಣೆ 10, ಸಕ್ಕರೆ 5, ಉಪ್ಪು 2, ಇನ್‌ಸ್ಟಂಟ್ ಯೀಸ್ಟ್ 1ರಿಂದ 1.2. ಇಷ್ಟು ಬಾಯಿಪಾಠ ಆದರೆ ಸಾಕು, 250 ಗ್ರಾಂ ಹಿಟ್ಟಿಗೂ ಮಾಡಬಹುದು, ಹಬ್ಬಕ್ಕೆ ಮನೆ ತುಂಬಾ ಜನ ಬಂದಾಗ ಒಂದು ಕೆಜಿಗೂ ಮಾಡಬಹುದು.

ಖಾರಾ ಬನ್: ಯೀಸ್ಟ್ ಪಾಠ

ಮೊದಲು ಖಾರಾ ಬನ್ನೇ ಕಲಿಯಿರಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಆ ರುಚಿ ನಮಗೆಲ್ಲ ಗೊತ್ತು. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನಲ್ಲಿ ಬೇಕರಿ ಶುರು ಮಾಡಿ ಮೊಟ್ಟೆ ಇಲ್ಲದ ಬನ್ನು, ಬ್ರೆಡ್ಡು, ಕೇಕು ಎಲ್ಲವನ್ನೂ ನಮ್ಮ ಸಂಜೆ ಕಾಫಿಯ ಜೊತೆಗೆ ಸೇರಿಸಿದರು. ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರದ್ದು. ರುಚಿ ಗೊತ್ತಿದ್ದರೆ ತಪ್ಪು ಎಲ್ಲಾಯಿತು ಅಂತ ನಾಲಿಗೆಯೇ ಹೇಳುತ್ತದೆ.

ಆರು ಬನ್ನಿಗೆ 250 ಗ್ರಾಂ ಮೈದಾ, 150 ಗ್ರಾಂ ಹಾಲು, 25 ಗ್ರಾಂ ಬೆಣ್ಣೆ, 12 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಬೇಕು. ಖಾರಕ್ಕೆ ಒಂದು ಈರುಳ್ಳಿ, ಮೂರು ನಾಲ್ಕು ಹಸಿಮೆಣಸಿನಕಾಯಿ, ಕೊತ್ತಂಬರಿ, ಸಬ್ಬಸಿಗೆ ಸೊಪ್ಪು, ಚೂರು ಜೀರಿಗೆ.

ಈ ಮೈದಾದಲ್ಲೇ 15 ಗ್ರಾಂ, ಈ ಹಾಲಿನಲ್ಲೇ 75 ಗ್ರಾಂ ತೆಗೆದು ಎರಡನ್ನೂ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹಾಗೆ ಗಟ್ಟಿಯಾಗುವವರೆಗೆ ಕೈಯಾಡಿಸಿ. ಸುಮಾರು 65 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ. ಹಿಟ್ಟಿನ ಪಿಷ್ಟ ಬೆಂದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬನ್ನು ಮಾರನೇ ದಿನವೂ ಮೆತ್ತಗಿರುತ್ತದೆ. ಮುದ್ದೆ ಮಾಡುವಾಗ ಎಸರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಬಿಡುವುದೂ ಪಿಷ್ಟ ಬೇಯಿಸುವ ಕೆಲಸವೇ ಅಲ್ವಾ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಮುದ್ದೆ ಒಟ್ಟಿಗೆ ನಿಲ್ಲುವುದು ಬೆಂದ ಪಿಷ್ಟದಿಂದ. ಮೈದಾದಲ್ಲಿ ಎರಡೂ ಇವೆ, ಪಿಷ್ಟವೂ ಗ್ಲುಟೆನ್ನೂ.

ಗ್ಲುಟೆನ್ ಅಂದರೆ ಗೋಧಿಯ ಪ್ರೋಟೀನು ನೀರು ಸೇರಿ ನಾದಿದಾಗ ಆಗುವ ಬಲೆ. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಬಲೆ ಆ ಗಾಳಿಯನ್ನು ಹಿಡಿಯುತ್ತದೆ. ಬಲೆ ಸರಿಯಾಗಿಲ್ಲದಿದ್ದರೆ ಯೀಸ್ಟ್ ಎಷ್ಟು ಹಾಕಿದರೂ ಬನ್ನು ಕುಳ್ಳಾಗೇ ಇರುತ್ತದೆ. ಹಾಗಾಗಿ ಹತ್ತು ಹನ್ನೆರಡು ನಿಮಿಷ ನಾದಲೇಬೇಕು. ಮೊದಲ ಐದು ನಿಮಿಷ ಕೈಗೆ ಅಂಟುತ್ತದೆ, ಅಂಟಲಿ, ಮೇಲೆ ಹಿಟ್ಟು ಉದುರಿಸಬೇಡಿ. ಬೆಣ್ಣೆ ಕೊನೆಗೆ ಸೇರಿಸಿ. ಆಯ್ತೋ ಇಲ್ವೋ ನೋಡಲು ಒಂದು ನಿಂಬೆಹಣ್ಣಿನಷ್ಟು ಉಂಡೆ ತೆಗೆದು ಎರಡೂ ಕೈಯ ಬೆರಳಿನಿಂದ ನಿಧಾನ ಎಳೆಯಿರಿ. ಹರಿಯದೆ, ಆಚೆ ಬೆಳಕು ಕಾಣುವಷ್ಟು ತೆಳ್ಳಗಾದರೆ ಹದ ಬಂತು.

ಹಾಲು ಉಗುರು ಬೆಚ್ಚಗಿರಲಿ, 35ರಿಂದ 40 ಡಿಗ್ರಿ. ಗಂಜಿಯನ್ನೂ ಆರಿಸಿಯೇ ಸೇರಿಸಿ. 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯಲು ಶುರುವಾಗುತ್ತದೆ, ಆಮೇಲೆ ಮೂರು ಗಂಟೆ ಕಾದರೂ ಹಿಟ್ಟು ಅಲ್ಲೇ ಕೂತಿರುತ್ತದೆ.

ನನ್ನ ಮೊದಲ ನಾಲ್ಕು ಸಲದ ಬನ್ನು ಗಟ್ಟಿಯಾಗಿತ್ತು. ಕಾರಣ ಈರುಳ್ಳಿ! ಹಸಿ ಈರುಳ್ಳಿ ಹೆಚ್ಚಿ ಉಪ್ಪಿನ ಜೊತೆಗೇ ಹಿಟ್ಟಿಗೆ ಹಾಕಿ ನಾದುತ್ತಿದ್ದೆ. ಉಪ್ಪು ತಾಗಿದ ಈರುಳ್ಳಿ ನೀರು ಬಿಡುತ್ತದೆ, ಹಿಟ್ಟು ಪಿಚಪಿಚ ಆಗುತ್ತದೆ, ನಾನು ಮುಷ್ಟಿಗಟ್ಟಲೆ ಮೈದಾ ಸುರಿಯುತ್ತಿದ್ದೆ. ಈಗ ಈರುಳ್ಳಿ, ಮೆಣಸಿನಕಾಯಿ, ಸೊಪ್ಪನ್ನು ಒಂದು ಚಮಚ ಎಣ್ಣೆಯಲ್ಲಿ ಎರಡು ನಿಮಿಷ ಬಾಡಿಸಿ, ಪೂರ್ತಿ ಆರಿದ ಮೇಲೆ, ನಾದಿ ಮುಗಿದ ಹಿಟ್ಟಿಗೆ ಮಡಚಿ ಮಡಚಿ ಸೇರಿಸುತ್ತೇನೆ. ಆ ಒಂದು ಬದಲಾವಣೆಯಿಂದ ಬನ್ನು ಬನ್ನಾಯಿತು. ಅತ್ತೆ ಬೆರಳಲ್ಲಿ ಒತ್ತಿ ನೋಡಿ, "ಇವತ್ತು ಸ್ಪಂಜಿನ ಹಾಗಿದೆ ಕಣೇ, ಇನ್ನೆರಡು ಕೊಡು" ಅಂದಾಗ ಆದ ಖುಷಿ ಇನ್ನೂ ನೆನಪಿದೆ.

ಹಿಟ್ಟು ಎರಡರಷ್ಟು ಆಗಬೇಕು. ಗಡಿಯಾರ ನೋಡಬೇಡಿ, ಪಾತ್ರೆ ನೋಡಿ. ಮಂಗಳೂರಿನ ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆಗೇ ಉಬ್ಬುವ ಹಿಟ್ಟಿಗೆ ಮಡಿಕೇರಿಯ ಡಿಸೆಂಬರ್‌ನಲ್ಲಿ ಎರಡು ಗಂಟೆ ಬೇಕಾಗಬಹುದು. ದೋಸೆ ಹಿಟ್ಟಿನ ಕಥೆ ಗೊತ್ತಿರುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಚಳಿಯಿದ್ದರೆ ಆಫ್ ಮಾಡಿದ ಓವನ್ ಒಳಗೆ ಒಂದು ಲೋಟ ಬಿಸಿನೀರಿನ ಪಕ್ಕ ಇಡಿ. ಆಮೇಲೆ ಆರು ಭಾಗ ಮಾಡಿ ಉಂಡೆ ಕಟ್ಟಿ, ಟ್ರೇಯಲ್ಲಿ ಮತ್ತೆ 35-40 ನಿಮಿಷ ಬಿಡಿ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗುಳಿ ತಟ್ಟನೆ ಮೇಲೆದ್ದರೆ ಇನ್ನೂ ಸಮಯ ಬೇಕು, ನಿಧಾನಕ್ಕೆ ಅರ್ಧ ಎದ್ದರೆ ಓವನ್‌ಗೆ ಹಾಕಿ, ಏಳದೇ ಇದ್ದರೆ ಹೊತ್ತು ಮೀರಿದೆ. ಮೇಲೆ ಹಾಲು ಸವರಿ 190 ಡಿಗ್ರಿಯಲ್ಲಿ 18-20 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಿಸಿ ಇರುವಾಗಲೇ ಬೆಣ್ಣೆ ಸವರಿದರೆ ಮೇಲ್ಪದರ ಮೆತ್ತಗಾಗುತ್ತದೆ.

ಗೋಧಿ ಹಿಟ್ಟಲ್ಲಿ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಬಹುದು, ಆದರೆ ತೌಡಿನ ಚೂರುಗಳು ಗ್ಲುಟೆನ್ ಬಲೆಯನ್ನು ಕತ್ತರಿಸುತ್ತವೆ, ನೀರೂ ಜಾಸ್ತಿ ಕುಡಿಯುತ್ತವೆ. ಮೊದಲಿಗೆ ಮೂರನೇ ಒಂದು ಭಾಗ ಗೋಧಿ ಹಾಕಿ, ಹಾಲು ಒಂದೆರಡು ಚಮಚ ಹೆಚ್ಚಿಸಿ ನೋಡಿ.

ಓವನ್ನಿನ ಗುಂಡಿಯನ್ನು ನಂಬಬೇಡಿ

ನನ್ನ ಓಟಿಜಿಯಲ್ಲಿ, ಅಂದರೆ ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್ನಿನಲ್ಲಿ, ಗುಂಡಿ 180ಕ್ಕೆ ತಿರುಗಿಸಿದರೆ ಒಳಗಿಟ್ಟ ಥರ್ಮಾಮೀಟರು 205 ತೋರಿಸಿತು. ಒಂದು ವರ್ಷ ಕೇಕುಗಳ ಮೇಲ್ಭಾಗ ಕಪ್ಪಾಗಿ ಒಳಗೆ ಹಸಿ ಉಳಿಯುತ್ತಿದ್ದದ್ದಕ್ಕೆ ರೆಸಿಪಿ ಕಾರಣ ಅಂದುಕೊಂಡಿದ್ದೆ. ಒಳಗೆ ತೂಗುಹಾಕುವ ಸಣ್ಣ ಥರ್ಮಾಮೀಟರು ಸಿಗುತ್ತದೆ, ಕೊಂಡುಕೊಳ್ಳಿ. ಹದಿನೈದು ನಿಮಿಷ ಮೊದಲೇ ಓವನ್ ಕಾಯಿಸಿ, ಥರ್ಮಾಮೀಟರು ನೋಡಿಯೇ ಟಿನ್ ಇಡಿ.

ಓವನ್ ಇಲ್ಲದವರು ಕುಕ್ಕರಿನಲ್ಲಿ ಕೇಕು ಮಾಡಬಹುದು. ಗ್ಯಾಸ್ಕೆಟ್ಟು, ವೆಯಿಟ್ಟು ಎರಡೂ ತೆಗೆದಿರಬೇಕು, ಇದನ್ನು ಮರೆಯಬೇಡಿ. ತಳಕ್ಕೆ ಒಂದು ಇಂಚು ಉಪ್ಪು, ಮೇಲೆ ಸ್ಟ್ಯಾಂಡು, ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಟಿನ್ ಇಟ್ಟ ಮೇಲೆ ಸಣ್ಣ ಉರಿ. ಮೇಲಿನಿಂದ ಶಾಖ ಬರದ ಕಾರಣ ಬಣ್ಣ ಬಿಳಿಚಿಕೊಂಡಿರುತ್ತದೆ, ರುಚಿಗೆ ತೊಂದರೆಯಿಲ್ಲ.

ಮೊಸರಿನ ಕೇಕು: ಸೋಡಾ ಪಾಠ

ಹುಟ್ಟುಹಬ್ಬಕ್ಕೆ, ಮೊಟ್ಟೆ ತಿನ್ನದ ಮನೆಗೆ ಇದು. 180 ಗ್ರಾಂ ಮೈದಾ, 240 ಗ್ರಾಂ ಮೊಸರು, 160 ಗ್ರಾಂ ಸಕ್ಕರೆ ಪುಡಿ, 110 ಮಿ.ಲೀ. ವಾಸನೆ ಇಲ್ಲದ ಎಣ್ಣೆ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಇಲ್ಲಿ ಚಮಚ ಅಂದರೆ 5 ಮಿ.ಲೀ. ಅಳತೆ ಚಮಚ, ಮನೆಯ ಟೀ ಚಮಚ ಅಲ್ಲ.

ಸೋಡಾಗೆ ಹುಳಿ ಸಿಕ್ಕಿದ ಕೂಡಲೇ ಗಾಳಿ ಬರುತ್ತದೆ. ಮೊಸರು ಆ ಹುಳಿ. ಬೇಕಿಂಗ್ ಪೌಡರ್‌ನಲ್ಲಿ ಸೋಡಾ ಜೊತೆಗೇ ಒಣ ಹುಳಿಯೂ ಸೇರಿರುತ್ತದೆ, ಹಾಗಾಗಿ ಅದಕ್ಕೆ ಬೇರೆ ಹುಳಿ ಬೇಕಿಲ್ಲ. ಆದರೆ ಸೋಡಾದ ಶಕ್ತಿ ಅದಕ್ಕಿಂತ ಮೂರು ನಾಲ್ಕು ಪಟ್ಟು ಜಾಸ್ತಿ, ಒಂದರ ಬದಲು ಇನ್ನೊಂದನ್ನು ಅಷ್ಟೇ ಅಳತೆಯಲ್ಲಿ ಹಾಕುವಂತಿಲ್ಲ. ಹುಳಿ ಸಾಲದೆ ಸೋಡಾ ಉಳಿದರೆ ಬಾಯಲ್ಲಿ ಸೋಪಿನ ರುಚಿ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಸೋಡಾ ಕೂಡ ಸುಣ್ಣದ ಹಾಗೇ ಕ್ಷಾರ. ಹಾಗಾಗಿ ಅರಿಶಿನ ಹಾಕಿದ ಖಾರದ ಕೇಕಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರೆ ಸೋಡಾ ಸರಿಯಾಗಿ ಬೆರೆತಿಲ್ಲ ಅಂತ ಅರ್ಥ. ಈ ಒಂದು ಹೋಲಿಕೆಯಿಂದ ನನಗೆ ಇಡೀ ಪಾಠ ತಲೆಯಲ್ಲಿ ಕೂತಿತು.

ಮೈದಾ ಜೊತೆ ಪೌಡರ್, ಸೋಡಾ, ಉಪ್ಪು ಮೂರನ್ನೂ ಜರಡಿ ಹಿಡಿಯಿರಿ. ಮೊಸರು, ಸಕ್ಕರೆ, ಎಣ್ಣೆ ಬೇರೆ ಪಾತ್ರೆಯಲ್ಲಿ ಕಲಸಿ. ಎರಡೂ ಸೇರಿದ ಗಳಿಗೆಯಿಂದ ಗಾಳಿ ಹೊರಡುತ್ತದೆ, ಆದ್ದರಿಂದ ಬೇಗ, ಆದರೆ ಮೆಲ್ಲಗೆ ಕಲಸಿ, ಹಿಟ್ಟಿನ ಬಿಳಿ ಕಾಣದಾದ ಕೂಡಲೇ ನಿಲ್ಲಿಸಿ. ಬನ್ನಿಗೆ ಬೇಕಾದ ಗ್ಲುಟೆನ್ ಇಲ್ಲಿ ಬೇಡ, ಜಾಸ್ತಿ ಕಲಸಿದರೆ ಕೇಕು ರಬ್ಬರಾಗುತ್ತದೆ. 8 ಇಂಚಿನ ಟಿನ್, 175 ಡಿಗ್ರಿ, 35-40 ನಿಮಿಷ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸ್ವಲ್ಪ ಕಡಿಮೆ, ಕೇಕು ಬೇಗ ಉಬ್ಬಿ ಮಧ್ಯ ಕುಸಿಯಬಹುದು. ಹಾಗಾದರೆ ಮುಂದಿನ ಸಲ ಪೌಡರ್ ಕಾಲು ಚಮಚ ಕಡಿಮೆ ಮಾಡಿ.

ಪ್ಲಮ್ ಕೇಕು: ಬೆಣ್ಣೆ ಪಾಠ, ತಾಳ್ಮೆ ಪಾಠ

ಕೇರಳದ ತಲಶ್ಶೇರಿಯ ಮಾಂಬಳ್ಳಿ ಬಾಪು ಎಂಬುವವರು 1883ರಲ್ಲಿ ಕ್ರಿಸ್‌ಮಸ್ ಕೇಕು ಮಾಡಿದ್ದನ್ನು ನಮ್ಮ ದೇಶದ ಮೊದಲನೆಯದು ಅಂತ ಹೇಳುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಅಂದರೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಿಂಗಳು. ಕಿಡಿಯೊ, ನೆವ್ರಿಯೊ, ಗುಳಿಯೊ ಜೊತೆಗೆ ತಟ್ಟೆಯಲ್ಲಿ ಒಂದು ತುಂಡು ಪ್ಲಮ್ ಕೇಕು ಇರುತ್ತದೆ, ಆ ತಟ್ಟೆ ಅಕ್ಕಪಕ್ಕದ ಎಲ್ಲ ಮನೆಗೂ ಹೋಗುತ್ತದೆ. ನಾನು ಈ ಕೇಕು ಕಲಿತದ್ದು ಹಾಗೆ ಪಕ್ಕದ ಮನೆಯಿಂದ ಬಂದ ತಟ್ಟೆ ನೋಡಿಯೇ. ಆ ಮನೆಯ ಬಾಯಿ, ಅಂದರೆ ಮನೆಯೊಡತಿ, ಅಡುಗೆಮನೆಯಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿಕೊಟ್ಟರು.

ಮೊದಲು ಹಣ್ಣು. ಕಪ್ಪು ಒಣದ್ರಾಕ್ಷಿ, ಹಳದಿ ಒಣದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿ, ಕಿತ್ತಳೆ ಸಿಪ್ಪೆ ಸೇರಿ 300 ಗ್ರಾಂ. ರಮ್ ಬಳಸುವವರು ತಿಂಗಳ ಮೊದಲೇ ನೆನೆಸುತ್ತಾರೆ. ಬೇಡದವರು ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್‌ನಲ್ಲಿ ಎರಡು ದಿನ ಇಡಿ, ಅದಕ್ಕಿಂತ ಹೆಚ್ಚು ಇಟ್ಟರೆ ಹುಳಿ ಬರುತ್ತದೆ.

ಬಣ್ಣಕ್ಕೆ ಕ್ಯಾರಮೆಲ್. 75 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ, ಜೇನಿನ ಬಣ್ಣ ದಾಟಿ ಕಾಫಿ ಡಿಕಾಕ್ಷನ್ ಬಣ್ಣ ಬರುವವರೆಗೆ ಬಿಡಿ. ಹೊಗೆ ಶುರುವಾದ ಕೂಡಲೇ ಉರಿ ಆರಿಸಿ, ದೂರ ನಿಂತು 60 ಮಿ.ಲೀ. ಬಿಸಿನೀರು ಸ್ವಲ್ಪ ಸ್ವಲ್ಪ ಸುರಿಯಿರಿ. ತಣ್ಣೀರು ಸುರಿದರೆ ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಪೂರ್ತಿ ಆರಲಿ.

ಮೈದಾ 150, ಬೆಣ್ಣೆ 150, ಮೂರು ಮೊಟ್ಟೆ ಅಂದರೆ ಅದೂ ಸುಮಾರು 150. ಈ ಸಮಪಾಲು ಪೌಂಡ್ ಕೇಕಿನದು, ಎಲ್ಲವೂ ಒಂದೊಂದು ಪೌಂಡ್ ಅಂತಲೇ ಆ ಹೆಸರು. ಸಕ್ಕರೆ 120 ಸಾಕು, ಹಣ್ಣಿನಲ್ಲೇ ಸಿಹಿ ಇದೆ. ಬೆಣ್ಣೆ ಸಕ್ಕರೆ ಸೇರಿಸಿ ಬಿಳಿಯಾಗಿ ಹಗುರಾಗುವವರೆಗೆ ಬೀಟ್ ಮಾಡಿ, ಈ ಕೇಕಿಗೆ ಗಾಳಿ ಸೇರುವುದು ಮುಖ್ಯವಾಗಿ ಇಲ್ಲೇ. ಬೆಣ್ಣೆ ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗಿರಬೇಕು, ಹೊಳೆಯುತ್ತಿರಬಾರದು. ಕರಾವಳಿಯ ಸೆಕೆಯಲ್ಲಿ ಕರಗಿಯೇ ಬಿಡುತ್ತದೆ, ಕರಗಿದ ಬೆಣ್ಣೆ ಗಾಳಿ ಹಿಡಿಯದು, ಆಗ ಪಾತ್ರೆಯನ್ನು ತಣ್ಣೀರಿನ ಮೇಲಿಟ್ಟು ಬೀಟ್ ಮಾಡಿ. ಮೊಟ್ಟೆ ಫ್ರಿಜ್‌ನಿಂದ ನೇರ ತಂದು ಹಾಕಿದರೆ ಮಿಶ್ರಣ ಒಡೆಯುತ್ತದೆ, ಒಂದು ಗಂಟೆ ಮೊದಲೇ ಹೊರಗಿಟ್ಟು ಒಂದೊಂದಾಗಿ ಸೇರಿಸಿ. ಆಮೇಲೆ ಕ್ಯಾರಮೆಲ್, ಅರ್ಧ ಚಮಚ ಬೇಕಿಂಗ್ ಪೌಡರ್ ಸೇರಿದ ಮೈದಾ, ಒಂದು ಚಮಚ ಮಸಾಲೆ ಪುಡಿ. ಮಸಾಲೆಗೆ ಚಕ್ಕೆ ಜಾಸ್ತಿ, ಜಾಯಿಕಾಯಿ, ಲವಂಗ, ಒಣಶುಂಠಿ ಕಡಿಮೆ.

ಹಣ್ಣು ತಳಕ್ಕೆ ಇಳಿಯುತ್ತದೆ ಅಂತ ಒಣ ಮೈದಾದಲ್ಲಿ ಹೊರಳಿಸುತ್ತೇವೆ. ಅದು ಸ್ವಲ್ಪ ಸಹಾಯ ಮಾಡುತ್ತದೆ ಅಷ್ಟೇ. ಹಣ್ಣನ್ನು ನಿಜವಾಗಿ ಎತ್ತಿ ಹಿಡಿಯುವುದು ಗಟ್ಟಿಯಾಗಿ ಕಲಸಿದ ಕೇಕಿನ ಹಿಟ್ಟು. ಹಾಗಾಗಿ ನೆನೆದ ಹಣ್ಣನ್ನು ಜಾಲರಿಯಲ್ಲಿ ಚೆನ್ನಾಗಿ ಬಸಿಯಿರಿ. ಚಮಚ ಎತ್ತಿದರೆ ಹಿಟ್ಟು ಸುರಿಯಬಾರದು, ದೊಪ್ ಅಂತ ಬೀಳಬೇಕು.

7 ಇಂಚಿನ ಎತ್ತರದ ಟಿನ್‌ಗೆ ಸುತ್ತಲೂ ಎರಡು ಪದರ ಬಟರ್ ಪೇಪರ್ ಹಾಕಿ, 150 ಡಿಗ್ರಿಯಲ್ಲಿ 75ರಿಂದ 90 ನಿಮಿಷ. ಅವಸರಕ್ಕೆ ಶಾಖ ಏರಿಸಿದರೆ ಮೇಲಿನ ದ್ರಾಕ್ಷಿ ಸುಟ್ಟು ಕಹಿಯಾಗುತ್ತದೆ. ಒಂದು ಗಂಟೆಯಾದ ಮೇಲೆ ಕಡ್ಡಿ ಚುಚ್ಚಿ ನೋಡಿ. ಟಿನ್‌ನಲ್ಲೇ ಪೂರ್ತಿ ಆರಲಿ. ಅದೇ ದಿನ ಕತ್ತರಿಸಿದರೆ ಪುಡಿಪುಡಿ ಉದುರುತ್ತದೆ, ಮಸಾಲೆಯ ಘಾಟೂ ಮುಂದೆ ಬರುತ್ತದೆ. ಬಟರ್ ಪೇಪರ್‌ನಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ನಾನು 21ನೇ ತಾರೀಕು ಬೇಯಿಸಿ 24ರ ಸಂಜೆ ಕತ್ತರಿಸುತ್ತೇನೆ, ಗರಗಸದ ಹಲ್ಲಿನ ಬ್ರೆಡ್ ಚಾಕುವಿನಿಂದ, ಒಂದೊಂದು ತುಂಡಿಗೂ ಚಾಕು ಒರೆಸಿಕೊಂಡು. ಮೊದಲ ತಟ್ಟೆ ಪಕ್ಕದ ಮನೆಯ ಬಾಯಿಗೆ.