ತಾನಾಗಿ ಬಂದಾಗುವ ಸರ್ವರ್: ಮೊದಲು ಲಾಗ್ ಓದಿ, ಆಮೇಲೆ ಕರೆಂಟು ನೋಡಿ

ವಿಜಯಪುರದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ, ಕಚೇರಿಯ ಲಿನಕ್ಸ್ ಸರ್ವರ್ ಎರಡು ಸಲ ತಾನಾಗಿ ಬಂದಾದರೆ ಸಾಕು, ತೀರ್ಪು ಬಂದುಬಿಡುತ್ತದೆ: "ವೈರಸ್ ಹೊಕ್ಕೈತ್ರಿ, ಫಾರ್ಮ್ಯಾಟ್ ಹೊಡೀರಿ." ಫಾರ್ಮ್ಯಾಟ್ ಹೊಡೆದಾಗ, ಕಾರಣ ಬರೆದಿಟ್ಟಿದ್ದ ಲಾಗೂ ಅಳಿಸಿಹೋಗುತ್ತದೆ. ಸರ್ವರ್ ಮಾತ್ರ ಮುಂದಿನ ವಾರ ಮತ್ತೆ ಬಂದ್. ಆಮೇಲೆ ಕೋಣೆಯ ವಾಸ್ತು, ಯಂತ್ರ ಇಟ್ಟ ದಿಕ್ಕು ಚರ್ಚೆಗೆ ಬರುತ್ತವೆ. ಆಯುಧಪೂಜೆಯ ದಿನ ಸರ್ವರಿಗೆ ಕುಂಕುಮ ಹಚ್ಚುವುದಕ್ಕೆ ನನ್ನ ತಕರಾರಿಲ್ಲ. ಸಾಕ್ಷಿಯನ್ನು ಓದುವ ಮೊದಲೇ ಒರೆಸಿಹಾಕುವುದನ್ನು ಮಾತ್ರ ಒಪ್ಪಲಾಗದು.

ಎರಡು ಗುಮಾನಿಗಳನ್ನು ಮೊದಲೇ ಪಕ್ಕಕ್ಕಿಡಬಹುದು. ಮೆಮೊರಿ ತುಂಬಿದರೆ ಲಿನಕ್ಸಿನ ತಿರುಳಾದ ಕರ್ನಲ್ ಸಾಮಾನ್ಯವಾಗಿ ಯಾವುದೋ ಒಂದು ಪ್ರೋಗ್ರಾಮನ್ನು ಕೊಲ್ಲುತ್ತದೆಯೇ ಹೊರತು ಯಂತ್ರವನ್ನು ಆರಿಸುವುದಿಲ್ಲ. ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಕರ್ನಲ್ಲೇ ಮುಂದೆ ಸಾಗಲಾರದೆ ಕೆಟ್ಟು ನಿಂತರೆ, ಯಂತ್ರ ಹಾಗೇ ಸ್ತಬ್ಧವಾಗುತ್ತದೆ, ಇಲ್ಲವೇ ಮೊದಲೇ ಹೇಳಿಟ್ಟಿದ್ದರೆ ರೀಬೂಟ್ ಆಗುತ್ತದೆ. ಫ್ಯಾನು ನಿಂತು ದೀಪ ಆರಿದ್ದರೆ ಅದು ಪ್ಯಾನಿಕ್ ಅಲ್ಲ.

ಈಗ 'ಲಾಸ್ಟ್ ಮೈನಸ್ ಎಕ್ಸ್' ಎಂಬ ಆದೇಶ ಕೊಡಿ. ಯಂತ್ರ ಎದ್ದ, ಬಂದಾದ ದಾಖಲೆ ಸಾಲುಸಾಲಾಗಿ ಬರುತ್ತದೆ, ಹೊಸ ಸಾಲು ಮೇಲಿರುತ್ತದೆ. 'ರೀಬೂಟ್' ಸಾಲಿನ ಕೆಳಗೆ 'ಶಟ್‌ಡೌನ್' ಸಾಲಿದ್ದರೆ ಯಾರೋ ಅಥವಾ ಯಾವುದೋ ಪ್ರೋಗ್ರಾಮು ಬಂದಾಗಲು ಆದೇಶ ಕೊಟ್ಟಿದೆ. ಎರಡು 'ರೀಬೂಟ್'ಗಳ ನಡುವೆ ಶಟ್‌ಡೌನೇ ಇಲ್ಲದಿದ್ದರೆ ಯಂತ್ರಕ್ಕೆ ವಿದಾಯ ಹೇಳಲೂ ಸಮಯ ಸಿಕ್ಕಿಲ್ಲ. ಈ ಒಂದು ವ್ಯತ್ಯಾಸ ಹುಡುಕಾಟದ ಅರ್ಧ ದಾರಿಯನ್ನು ಮುಗಿಸಿಬಿಡುತ್ತದೆ.

ಆದೇಶ ಬಂದಿದ್ದರೆ, ಹಿಂದಿನ ಬೂಟಿನ ಜರ್ನಲ್‌ನ (ವ್ಯವಸ್ಥೆಯೇ ಬರೆದಿಡುವ ಲಾಗ್) ಕೊನೆಯ ಸಾಲುಗಳಲ್ಲಿ ಹೆಸರು ಸಿಗುತ್ತದೆ: ಪವರ್ ಬಟನ್ ಒತ್ತಿದ್ದು, ಯುಪಿಎಸ್ ಸಾಫ್ಟ್‌ವೇರ್ ಬ್ಯಾಟರಿ ಮುಗಿಯಿತೆಂದು ತಿಳಿಸಿದ್ದು, ತಾಪಮಾನ ಅಪಾಯದ ಗೆರೆ ದಾಟಿದ್ದು, ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಮರೆತುಹೋದ ಹಳೆಯ ಸಾಲು. ಬಟನ್ನೇ ಕಾರಣವಾದರೆ, ಬಟನ್ ಒತ್ತಿದಾಗ ಏನು ಮಾಡಬೇಕೆಂದು ನೋಡಿಕೊಳ್ಳುವ ಲಾಗಿನ್‌ಡಿಯ ಸಂರಚನೆಯಲ್ಲಿ 'ಹ್ಯಾಂಡಲ್ ಪವರ್ ಕೀ'ಯನ್ನು 'ಇಗ್ನೋರ್' ಮಾಡಿದರೆ ಮುಗಿಯಿತು. ಒಂದು ಎಚ್ಚರಿಕೆ: ಕೆಲವು ವ್ಯವಸ್ಥೆಗಳಲ್ಲಿ 'ವಾರ್' ಅಡಿಯ 'ಲಾಗ್'ನಲ್ಲಿ 'ಜರ್ನಲ್' ಫೋಲ್ಡರೇ ಇರುವುದಿಲ್ಲ. ಆಗ ಜರ್ನಲ್ ಮೆಮೊರಿಯಲ್ಲಷ್ಟೇ ಉಳಿದು ರೀಬೂಟಿನೊಂದಿಗೆ ಮಾಯವಾಗುತ್ತದೆ. ಆ ಫೋಲ್ಡರನ್ನು ಇಂದೇ ಮಾಡಿಡಿ.

ಕರೆಂಟು ಕಡಿದಾಗ ಕೊನೆಯ ಕ್ಷಣಗಳ ಸಾಲುಗಳು ಡಿಸ್ಕಿಗೆ ಇಳಿದಿರುವುದಿಲ್ಲ ಎಂಬುದೂ ನೆನಪಿರಲಿ. ಬರಹವನ್ನು ಮೆಮೊರಿಯಲ್ಲಿ ಕೂಡಿಟ್ಟುಕೊಂಡು ನಿಧಾನಕ್ಕೆ ಇಳಿಸುವುದು ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ ಹಳೆಯ ಅಭ್ಯಾಸ. ಹಿಂದೆ 'ಅಪ್‌ಡೇಟ್' ಎಂಬ ಹಿನ್ನೆಲೆ ಪ್ರೋಗ್ರಾಮು ಪ್ರತಿ 30 ಸೆಕೆಂಡಿಗೊಮ್ಮೆ 'ಸಿಂಕ್' ಮಾಡುತ್ತಿತ್ತು, ಅಂದರೆ ಕೂಡಿಟ್ಟ ಬರಹವನ್ನು ಡಿಸ್ಕಿಗೆ ಇಳಿಸುತ್ತಿತ್ತು. ಯಂತ್ರ ಆರಿಸುವ ಮುನ್ನ ಮೂರು ಸಲ 'ಸಿಂಕ್' ಟೈಪಿಸಬೇಕೆಂಬ ಸಂಪ್ರದಾಯವೂ ಆಗಲೇ ಬೆಳೆಯಿತು. ಆ ಕಾಲದ 'ಸಿಂಕ್' ಬರವಣಿಗೆ ಮುಗಿಯುವ ಮೊದಲೇ ಮರಳುತ್ತಿತ್ತು. ಮೂರು ಸಾಲು ಟೈಪಿಸುವಷ್ಟರಲ್ಲಿ ಡಿಸ್ಕಿಗೆ ಬೇಕಾದ ಸಮಯ ಸಿಗುತ್ತಿತ್ತು, ಅಷ್ಟೆ. ಇಂದಿನ ಲಿನಕ್ಸಿನಲ್ಲಿ 'ಸಿಂಕ್' ಬರಹ ಮುಗಿಯುವವರೆಗೂ ಕಾಯುತ್ತದೆ. ಆದರೂ ಮೂರು ಸಲ ಟೈಪಿಸುವವರು ಇದ್ದಾರೆ. ಕಾರಣ ಸತ್ತ ಮೇಲೂ ಆಚರಣೆ ಬದುಕುವ ಬಗೆ ಇದು.

ಇನ್ನು ವಿದಾಯವಿಲ್ಲದ ಸಾವು, ಅಂದರೆ ಶಟ್‌ಡೌನ್ ಸಾಲೇ ಇಲ್ಲದ್ದು. "ರಾತ್ರಿ ಬ್ಯಾಕಪ್ ಶುರುವಾದಾಗಲೇ ಬೀಳ್ತದ, ಬ್ಯಾಕಪ್ ಸಾಫ್ಟ್‌ವೇರೇ ಸರಿ ಇಲ್ಲ" ಎಂಬ ಮಾತು ಕೇಳಿದಾಗ ನೋಡಬೇಕಾದದ್ದು ಸರ್ವರಿನ ಪವರ್ ಸಪ್ಲೈ. ಅದರೊಳಗಿನ ದೊಡ್ಡ ಕೆಪ್ಯಾಸಿಟರ್ ಆಲಮಟ್ಟಿ ಜಲಾಶಯವಿದ್ದಂತೆ: ಒಳಹರಿವು ನಿಂತರೂ ಸಂಗ್ರಹ ಇರುವವರೆಗೆ ಕಾಲುವೆ ಹರಿಯುತ್ತದೆ, ಹೂಳು ತುಂಬಿದಷ್ಟೂ ಆ ಅವಧಿ ಕುಗ್ಗುತ್ತದೆ. ಲೆಕ್ಕ ನೋಡಿ. 390 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 380 ವೋಲ್ಟಿನಲ್ಲಿ ಸುಮಾರು 28 ಜೂಲ್ ಹಿಡಿದಿರುತ್ತದೆ. 300 ವೋಲ್ಟಿಗೆ ಇಳಿದರೆ ಸಪ್ಲೈ ಕೈಚೆಲ್ಲುತ್ತದೆ ಎಂದುಕೊಂಡರೆ ಬಳಕೆಗೆ ಸಿಗುವುದು ಸುಮಾರು 10.6 ಜೂಲ್. ಬ್ಯಾಕಪ್ ಓಡಿಸುತ್ತ ಸರ್ವರ್ 500 ವ್ಯಾಟ್ ಎಳೆಯುತ್ತಿದ್ದು ಸಪ್ಲೈನ ದಕ್ಷತೆ ಶೇ. 90 ಇದ್ದರೆ ಅದು 19 ಮಿಲಿಸೆಕೆಂಡಿಗೆ ಸಾಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತವೇ 20 ಮಿಲಿಸೆಕೆಂಡ್. ಸರ್ವರ್ ಸುಮ್ಮನೆ ಕುಳಿತು 200 ವ್ಯಾಟ್ ಎಳೆಯುತ್ತಿದ್ದರೆ ಅದೇ ಸಂಗ್ರಹ 45 ಮಿಲಿಸೆಕೆಂಡ್ ದಾಟುತ್ತದೆ.

ಕರೆಂಟು ಇರುವವರೆಗೆ ಅದನ್ನೇ ದಾಟಿಸುವ ಆಫ್‌ಲೈನ್ ಅಥವಾ ಲೈನ್-ಇಂಟರಾಕ್ಟಿವ್ ಯುಪಿಎಸ್, ಕರೆಂಟು ಹೋದಾಗ ಬ್ಯಾಟರಿಗೆ ಹೊರಳಲು ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಹೊರಳಿಸುವ ಸ್ವಿಚ್ಚು, ಅಂದರೆ ರಿಲೇ, ಸವೆದಿದ್ದರೆ ಇನ್ನೂ ಹೆಚ್ಚು. ಕೆಪ್ಯಾಸಿಟರ್ ಕಾವಿಗೆ ಒಣಗಿ ಧಾರಣೆ ಕಳೆದುಕೊಂಡಿದ್ದರೆ ಖಾಲಿ ಕೂತ ಸರ್ವರ್ ಆ ಹೊರಳುವಿಕೆಯನ್ನು ದಾಟುತ್ತದೆ, ಬ್ಯಾಕಪ್ ಓಡಿಸುತ್ತಿರುವ ಅದೇ ಸರ್ವರ್ ಬೀಳುತ್ತದೆ. ಬ್ಯಾಕಪ್ ಸಾಫ್ಟ್‌ವೇರ್ ನಿರಪರಾಧಿ. ಸದಾ ಇನ್ವರ್ಟರ್ ಮೂಲಕವೇ ಕರೆಂಟು ಕೊಡುವ ಆನ್‌ಲೈನ್ ಯುಪಿಎಸ್‌ನಲ್ಲಿ ಈ ಹೊರಳುವಿಕೆಯೇ ಇಲ್ಲ. ದುಬಾರಿಯಾದರೂ ಸರ್ವರಿಗೆ ಅದೇ ಸರಿ. ಸಪ್ಲೈಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಆ ಕೆಪ್ಯಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಇಡಿಯಾಗಿ ಬದಲಿಸಿ.

ಸರ್ವರ್ ದಿನಾ ಒಂದೇ ಹೊತ್ತಿಗೆ ಬೀಳುತ್ತಿದ್ದರೆ ಪಂಚಾಂಗ ಬಿಟ್ಟು ತ್ರೀ ಫೇಸ್ ವೇಳಾಪಟ್ಟಿ ನೋಡಿ. ಮುಧೋಳ, ಜಮಖಂಡಿ, ಅಥಣಿಯ ಕಬ್ಬಿನ ಸೀಮೆಯಲ್ಲಿ ತ್ರೀ ಫೇಸ್ ಬರುತ್ತಲೇ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಸೆಟ್‌ಗಳು ಒಟ್ಟಿಗೆ ಏಳುತ್ತವೆ. ನೇರವಾಗಿ ಶುರುವಾಗುವ ಮೋಟರು ಆ ಕ್ಷಣದಲ್ಲಿ ಸಾಮಾನ್ಯದ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹತ್ತಿರದ ಲೈನಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಹೊರಳುತ್ತದೆ.

ಆ ಬ್ಯಾಟರಿಯ ಸ್ಥಿತಿ? ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿರುತ್ತಾರೆ. ಹತ್ತು ಡಿಗ್ರಿ ಏರಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ವಿಜಯಪುರದಲ್ಲಿ, ಮೆಟ್ಟಿಲ ಕೆಳಗೆ ಗಾಳಿಯಿಲ್ಲದೆ ಇಟ್ಟ ಯುಪಿಎಸ್‌ಗೆ 'ಬ್ಯಾಟರಿ ಐದು ವರ್ಷ ಬಾಳುತ್ತದೆ' ಎಂಬ ಮಾತು ಅನ್ವಯಿಸದು. ಮಲ್ಟಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಚಾರ್ಜಿನಲ್ಲಿರುವಾಗ ಸತ್ತ 12 ವೋಲ್ಟ್ ಬ್ಯಾಟರಿಯೂ 13.6 ತೋರಿಸುತ್ತದೆ. ಲೋಡ್ ಕೊಟ್ಟ ಕೂಡಲೇ 10.5ರ ಕೆಳಗೆ ಜಾರಿದರೆ ಅದು ಮುಗಿದಂತೆ. ಸಾಲಾಗಿ ಜೋಡಿಸಿದ ಬ್ಯಾಟರಿಗಳನ್ನು ಒಟ್ಟಿಗೇ ಬದಲಿಸಿ, ಒಂದನ್ನೇ ಬದಲಿಸಿದರೆ ಹಳೆಯವು ಹೊಸದನ್ನೂ ಹಾಳುಮಾಡುತ್ತವೆ.

ಸರ್ವರ್ ಬೋರ್ಡಿನಲ್ಲಿ ಬಿಎಂಸಿ (ಯಂತ್ರದ ಆರೋಗ್ಯದ ಮೇಲೆ ಪ್ರತ್ಯೇಕವಾಗಿ ಕಣ್ಣಿಡುವ ಚಿಪ್) ಇದ್ದರೆ 'ಐಪಿಎಂಐ ಟೂಲ್' ಎಂಬ ಪ್ರೋಗ್ರಾಮಿನಿಂದ ಅದರ ಎಸ್‌ಇಎಲ್, ಅಂದರೆ ಘಟನೆಗಳ ದಾಖಲೆ, ಓದಿ. ಫ್ಯಾನು ನಿಂತದ್ದು, ಪವರ್ ಹೋದದ್ದು, ಪ್ರೊಸೆಸರ್ ಕಾದು ತಾನೇ ಕಡಿದುಕೊಂಡದ್ದು ಅಲ್ಲಿ ಸಿಗುತ್ತದೆ. ಎರೆಮಣ್ಣಿನ ಧೂಳು ಹೀಟ್‌ಸಿಂಕಿನಲ್ಲಿ ಕೂತಿದ್ದರೆ ಈ ಕೊನೆಯದೇ ಕಾರಣವಾಗಿರಬಹುದು.

ಬದಲಾವಣೆ ಮುಗಿದ ಮೇಲೆ ಪರೀಕ್ಷಿಸದೆ ಬಿಡಬೇಡಿ. ಕಚೇರಿ ಮುಗಿದ ಹೊತ್ತಿಗೆ ಡೇಟಾಬೇಸ್ ನಿಲ್ಲಿಸಿ, 'ಸ್ಟ್ರೆಸ್-ಎನ್‌ಜಿ' ಓಡಿಸಿ ಪೂರ್ಣ ಲೋಡ್ ಕೊಡಿ, ಯುಪಿಎಸ್ ಸಾಕೆಟ್ಟಿನ ಸ್ವಿಚ್ ಆರಿಸಿ. ಪ್ಲಗ್ ಕೀಳಬಾರದು, ಕಿತ್ತರೆ ಅರ್ಥಿಂಗೂ ಹೋಗುತ್ತದೆ. ಸರ್ವರ್ ಆ ಕ್ಷಣವೇ ಬಿದ್ದರೆ ಹೊರಳುವಿಕೆ ಅಥವಾ ಸಪ್ಲೈ ಇನ್ನೂ ಸರಿಯಿಲ್ಲ. ಒಂದೆರಡು ನಿಮಿಷ ನಿಂತು ಬಿದ್ದರೆ ಬ್ಯಾಟರಿ ಸಾಲುತ್ತಿಲ್ಲ.