ಎಂಟು ಅಕ್ಷರ, ಇಪ್ಪತ್ನಾಲ್ಕು ದಿಕ್ಕು

ಸಿಂಗಪುರದಲ್ಲಿ ಹತ್ತರಲ್ಲಿ ಎಂಟು ಮಂದಿ ಇರುವುದು ಎಚ್‌ಡಿಬಿ ಫ್ಲ್ಯಾಟುಗಳಲ್ಲಿ. ಸರ್ಕಾರ ಕಟ್ಟಿಸಿದ ಎತ್ತರದ ಬ್ಲಾಕುಗಳು. ಒಂದೇ ನಕ್ಷೆಯ ಮನೆಗಳು, ಒಂದರ ತಲೆಯ ಮೇಲೊಂದು. ನಾನು ಒಳಾಂಗಣ ವಿನ್ಯಾಸದ ಜೊತೆಗೆ ಫೆಂಗ್ ಶುಯಿಯನ್ನೂ, ಅಂದರೆ ಚೀನೀಯರ ವಾಸ್ತುವನ್ನೂ, ನೋಡುವವಳು. ಒಮ್ಮೆ ಒಂದೇ ಬ್ಲಾಕಿನ ಒಂಬತ್ತನೇ ಮಹಡಿಯ ಮನೆ, ಅದರ ಮೇಲಿನ ಹತ್ತನೇ ಮಹಡಿಯ ಮನೆ, ಎರಡನ್ನೂ ಒಂದೇ ವಾರ ನೋಡಿದೆ. ದಿಕ್ಸೂಚಿ ಎರಡು ಕಡೆಯೂ ಒಂದೇ ಅಂಕಿ ತೋರಿಸಿತು. ಕೆಳಗಿನ ಮನೆಯ ಚೀನೀ ಆಂಟಿಗೆ, "ಉತ್ತರದ ಕೋಣೆಯಲ್ಲಿ ಮಲಗಬೇಡಿ" ಅಂದೆ. ಮೇಲಿನ ಮನೆಯ ಅಂಕಲ್‌ಗೆ, "ಉತ್ತರದ ಕೋಣೆಯಲ್ಲೇ ಮಲಗಿ" ಅಂದೆ. ಇಬ್ಬರೂ ಲಿಫ್ಟಿನಲ್ಲಿ ಸಿಕ್ಕಿ ಮಾತಾಡಿಕೊಂಡರು. ಅವತ್ತೇ ಸಂಜೆ ನನಗೆ ಫೋನ್ ಬಂತು. ಯಾರಿಗೆ ಸುಳ್ಳು ಹೇಳಿದ್ದೀರಿ ಅಂತ.

ಯಾರಿಗೂ ಹೇಳಿರಲಿಲ್ಲ. ಆಂಟಿ ಹುಟ್ಟಿದ್ದು ಡಿಸೆಂಬರ್ ಮಧ್ಯದಲ್ಲಿ, ಅಂಕಲ್ ಜೂನ್ ಕೊನೆಯಲ್ಲಿ. ಅಷ್ಟೇ ವ್ಯತ್ಯಾಸ. ಆದರೆ ಚೀನೀ ಜಾತಕದಲ್ಲಿ ಅದು ದೊಡ್ಡ ವ್ಯತ್ಯಾಸ.

ಈ ಜಾತಕವನ್ನು ಬಾ ಜಿ ಅನ್ನುತ್ತಾರೆ. ಎಂಟು ಅಕ್ಷರ ಅಂತ ಅರ್ಥ. (ನಮ್ಮತ್ತೆ ಮೊದಲ ಸಲ ಕೇಳಿದಾಗ ನಾನು ಬಜ್ಜಿ ಮಾಡುವುದನ್ನು ಕಲಿಯುತ್ತಿದ್ದೇನೆ ಅಂದುಕೊಂಡಿದ್ದರು.) ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು, ಹೀಗೆ ನಾಲ್ಕು ಕಂಬ. ಒಂದೊಂದು ಕಂಬದಲ್ಲಿ ಎರಡು ಅಕ್ಷರ. ಮೇಲಿನದು ಹತ್ತು ಆಕಾಶದ ಅಕ್ಷರಗಳಲ್ಲಿ ಒಂದು, ಕೆಳಗಿನದು ಹನ್ನೆರಡು ಭೂಮಿಯ ಅಕ್ಷರಗಳಲ್ಲಿ ಒಂದು. ಇವು ಜೋಡಿಯಾಗಿ ತಿರುಗುತ್ತಾ ಅರವತ್ತಕ್ಕೆ ಒಂದು ಸುತ್ತು ಮುಗಿಸುತ್ತವೆ. ಪ್ರಭವದಿಂದ ಅಕ್ಷಯದವರೆಗೆ ನಮಗೂ ಅರವತ್ತು ಸಂವತ್ಸರ ಇದೆಯಲ್ಲ, ಹಾಗೆ. ಆದರೆ ಅವರು ವರ್ಷವನ್ನು ಮಾತ್ರ ಅಲ್ಲ, ತಿಂಗಳು, ದಿನ, ಹೊತ್ತನ್ನೂ ಇದೇ ಅರವತ್ತರಲ್ಲಿ ಎಣಿಸುತ್ತಾರೆ. ಯಾವ ಗ್ರಹ ಯಾವ ಮನೆಯಲ್ಲಿ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಸೂರ್ಯ ಎಲ್ಲಿದ್ದಾನೆ ಅನ್ನುವುದೊಂದೇ ಮುಖ್ಯ, ಅದರ ಮೇಲೆ ತಿಂಗಳು ಬದಲಾಗುತ್ತದೆ.

ಹಿಂದೆ ಹುಟ್ಟಿದ ವರ್ಷಕ್ಕೇ ಜಾಸ್ತಿ ಬೆಲೆ ಇತ್ತು. ದಿನದ ಆಕಾಶ ಅಕ್ಷರವೇ "ನಾನು" ಅಂತ ಹಿಡಿದು ಓದುವ ಕ್ರಮ ಆಮೇಲೆ ಬಂತು. ಅದಕ್ಕೆ ಶು ಜಿಪಿಂಗ್ ಎನ್ನುವವರ ಹೆಸರು ಹೇಳುತ್ತಾರೆ. ಸುಮಾರು ಸಾವಿರ ವರ್ಷದ ಹಿಂದಿನ ಮಾತು. ಆಂಟಿಯ ದಿನದ ಅಕ್ಷರ ರೆನ್, ಅಂದರೆ ಹರಿಯುವ ನೀರು. ಹುಟ್ಟಿದ್ದು ನಡುಚಳಿಗಾಲದ ತಿಂಗಳು, ಅದೂ ನೀರಿನದ್ದೇ. ಒಟ್ಟಿನಲ್ಲಿ ಹೆಪ್ಪುಗಟ್ಟಿದ ಕೆರೆಯಂಥ ಜಾತಕ. ಅದಕ್ಕೆ ಬೇಕಾದದ್ದು ಬೆಂಕಿ. ಅಂಕಲ್‌ದು ಬಿಂಗ್, ಅಂದರೆ ಸೂರ್ಯನಂಥ ಬೆಂಕಿ. ಹುಟ್ಟಿದ್ದು ನಡುಬೇಸಿಗೆಯ ತಿಂಗಳು. ಆ ಒಣ ನೆಲಕ್ಕೆ ನೀರು ಬೇಕು. ಉತ್ತರ ನೀರಿನ ದಿಕ್ಕು. ಈಗ ಆ ಕೋಣೆ ಯಾರಿಗೆ ಒಳ್ಳೆಯದು ಅಂತ ನೀವೇ ಹೇಳಬಹುದು, ಅಲ್ವಾ?

ಇಲ್ಲಿ ಐದು ಅಂಶಗಳು: ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಪಂಚಭೂತದ ಜೊತೆ ಬೆರೆಸಬೇಡಿ. ಇವು ವಸ್ತುಗಳಿಗಿಂತ ಹೆಚ್ಚಾಗಿ ನಡೆಗಳು. ಮರ ಎಂದರೆ ಚಿಗುರುವುದು, ಲೋಹ ಎಂದರೆ ಗಟ್ಟಿಯಾಗಿ ಮುದುಡುವುದು. ಮರ ಬೆಂಕಿಯನ್ನು ಸಾಕುತ್ತದೆ, ಬೆಂಕಿಯಿಂದ ಬೂದಿ ಅಂದರೆ ಮಣ್ಣು, ಮಣ್ಣಿನಿಂದ ಲೋಹ, ಲೋಹದಿಂದ ನೀರು, ನೀರಿನಿಂದ ಮತ್ತೆ ಮರ. ಹಾಗೇ ಒಂದು ಇನ್ನೊಂದನ್ನು ಹದ್ದುಬಸ್ತಿನಲ್ಲೂ ಇಡುತ್ತದೆ. ನೀರು ಬೆಂಕಿಯನ್ನು ಆರಿಸಿದರೆ, ಮಣ್ಣು ನೀರಿಗೆ ಒಡ್ಡು ಕಟ್ಟುತ್ತದೆ.

ಇನ್ನು ಫೆಂಗ್ ಶುಯಿ. ಗಾಳಿ ಮತ್ತು ನೀರು. ಜೀವಶಕ್ತಿ ಗಾಳಿಗೆ ಸಿಕ್ಕರೆ ಚದುರುತ್ತದೆ, ನೀರಿನ ಅಂಚಿಗೆ ಬಂದರೆ ನಿಲ್ಲುತ್ತದೆ ಎನ್ನುವ ಹಳೆಯ ಮಾತಿನಿಂದ ಬಂದ ಹೆಸರು. ಆ ಮಾತನ್ನು 324ರಲ್ಲಿ ತೀರಿಕೊಂಡ ಗುವೊ ಪು ಹೆಸರಿಗೆ ಹಚ್ಚುತ್ತಾರೆ. ಅಲ್ಲಿ ಚರ್ಚೆ ಇರುವುದು ಮನೆಯದ್ದಲ್ಲ, ಸಮಾಧಿಯದ್ದು. ಸತ್ತವರನ್ನು ಎಲ್ಲಿ ಇಟ್ಟರೆ ಉಳಿದವರಿಗೆ ಒಳ್ಳೆಯದು ಅಂತ.

ನನಗೆ ಈ ವಿದ್ಯೆ ಹೇಳಿಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ಕ್ಯಾಂಟನೀಸ್ ಹಿರಿಯರು. ಇಲ್ಲಿ ಗುರುವಿಗೆ ಸಿಫು ಅನ್ನುತ್ತಾರೆ. ಮೊದಲ ದಿನ ಸಿಫು ನನ್ನ ಮುಂದೆ ಎರಡು ವಸ್ತು ಇಟ್ಟರು. ಒಂದು ಯಾರದ್ದೋ ಜಾತಕದ ಚೀಟಿ. ಇನ್ನೊಂದು ಲುಓಪಾನ್, ಅಂದರೆ ಫೆಂಗ್ ಶುಯಿಯ ದಿಕ್ಸೂಚಿ. ನಡುವೆ ಸೂಜಿ, ಸುತ್ತ ಉಂಗುರ ಉಂಗುರವಾಗಿ ಅಕ್ಷರ. "ಎರಡರಲ್ಲೂ ಇರುವ ಅಕ್ಷರ ಹುಡುಕು" ಅಂದರು. ಚೀನೀ ಓದಲು ಬರದ ನಾನು ಚಿತ್ರ ಹೋಲಿಸಿದ ಹಾಗೆ ಹೋಲಿಸುತ್ತಾ ಕೂತೆ. ಅರ್ಧ ಗಂಟೆಯಲ್ಲಿ ಚೀಟಿಯ ಒಂದೊಂದೇ ಅಕ್ಷರ ಉಂಗುರದಲ್ಲಿ ಸಿಕ್ಕಿತು.

ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಲುಓಪಾನ್‌ನ ಒಂದು ಉಂಗುರದಲ್ಲಿ 24 ದಿಕ್ಕುಗಳಿವೆ, ತಲಾ 15 ಡಿಗ್ರಿ. ಅವುಗಳ ಹೆಸರೆಲ್ಲಿಂದ ಬಂದವು? ಹನ್ನೆರಡು ಭೂಮಿಯ ಅಕ್ಷರ, ಎಂಟು ಆಕಾಶದ ಅಕ್ಷರ, ಮೂಲೆಗಳಿಗೆ ನಾಲ್ಕು ತ್ರಿರೇಖೆ, ಅಂದರೆ ಮೂರು ಗೆರೆಯ ಚಿಹ್ನೆಗಳ ಹೆಸರು. ಉಳಿದ ಎರಡು ಆಕಾಶ ಅಕ್ಷರ ಮಣ್ಣಿನವು, ಅವುಗಳ ಜಾಗ ನಟ್ಟನಡುವೆ. ತ್ಸ ಅನ್ನುವ ಅಕ್ಷರ ಗಡಿಯಾರದಲ್ಲಿ ರಾತ್ರಿ 11ರಿಂದ 1, ಕ್ಯಾಲೆಂಡರಿನಲ್ಲಿ ನಡುಚಳಿಗಾಲ, ದಿಕ್ಕಿನಲ್ಲಿ ಉತ್ತರ, ಪ್ರಾಣಿಗಳಲ್ಲಿ ಇಲಿ. ವು ಅಕ್ಷರ ನಡುಹಗಲು, ನಡುಬೇಸಿಗೆ, ದಕ್ಷಿಣ, ಕುದುರೆ. ಕಾಲಕ್ಕೂ ಜಾಗಕ್ಕೂ ಒಂದೇ ಲಿಪಿ. ಹಾಗಾಗಿ ಜಾತಕವನ್ನೂ ಮನೆಯನ್ನೂ ಜೋಡಿಸುವುದು ಎರಡು ಬೇರೆ ಶಾಸ್ತ್ರಗಳಿಗೆ ಗಂಟು ಹಾಕಿದ ಹಾಗಲ್ಲ. ಒಂದೇ ಭಾಷೆಯ ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದ ಹಾಗೆ.

2026ನ್ನೇ ತೆಗೆದುಕೊಳ್ಳಿ. ಇದು ಬಿಂಗ್-ವು ವರ್ಷ, ಬೆಂಕಿಯ ಕುದುರೆ. ವರ್ಷದ ಯಜಮಾನ ದಕ್ಷಿಣದಲ್ಲಿ ಕೂತಿರುತ್ತಾನೆ, ಎದುರಿನ ಉತ್ತರಕ್ಕೆ ಪೆಟ್ಟು ಬೀಳುತ್ತದೆ ಅನ್ನುವುದು ಲೆಕ್ಕ. ಈಗ ಹಿಂಬದಿ ಉತ್ತರಕ್ಕಿರುವ ಮನೆ ಅಂದರೆ ತ್ಸ ಮನೆ. 1972, 1984, 1996ರಲ್ಲಿ ಹುಟ್ಟಿದವರು ತ್ಸ ಜನ. ತ್ಸ ಮನೆಯಲ್ಲಿ ತ್ಸ ಮನುಷ್ಯ ಈ ವರ್ಷ ಉತ್ತರದ ಗೋಡೆ ಒಡೆಸಿ ಅಡುಗೆಮನೆ ದೊಡ್ಡದು ಮಾಡಿಸುತ್ತೇನೆ ಅಂದರೆ, ನಾನು ಸುಮ್ನೆ 2027ಕ್ಕೆ ಕಾಯಿರಿ ಅನ್ನುತ್ತೇನೆ. ಬರೀ ಮನೆ ನೋಡಿದವರಿಗೆ ಅಪಾಯದ ಅರ್ಧ ಕಾಣುತ್ತದೆ. ಬರೀ ಜಾತಕ ನೋಡಿದವರಿಗೆ ಇನ್ನರ್ಧ.

ಒಂದು ಎಚ್ಚರಿಕೆ. ಜಾತಕದ ವರ್ಷ ಶುರುವಾಗುವುದು ಚೀನೀ ಹೊಸವರ್ಷದ ದಿನ ಅಲ್ಲ, ಫೆಬ್ರವರಿ 4ರ ಆಸುಪಾಸು ಬರುವ ವಸಂತಾರಂಭದಲ್ಲಿ. 1984ರಲ್ಲಿ ಹೊಸವರ್ಷ ಫೆಬ್ರವರಿ 2ಕ್ಕೆ ಬಂದಿತ್ತು, ವಸಂತಾರಂಭ 4ಕ್ಕೆ. ನಡುವೆ 3ನೇ ತಾರೀಕು ಹುಟ್ಟಿದವರು ಜನ್ಮವಿಡೀ ತಾವು ಇಲಿ ಅಂದುಕೊಂಡಿರುತ್ತಾರೆ. ಬಾ ಜಿಯಲ್ಲಿ ಅವರು ಹಂದಿ. ಹೇಳಿದರೆ ಮುಖ ಸಣ್ಣದಾಗುತ್ತದೆ, ಪಾಪ.

ಜನ ಮಾಡುವ ದೊಡ್ಡ ತಪ್ಪು ಬೇರೆಯೇ ಇದೆ. ಇಂಟರ್ನೆಟ್ಟಿನಲ್ಲಿ ಜನ್ಮದಿನ ಹಾಕುತ್ತಾರೆ. "ನಿಮಗೆ ಲೋಹ ಇಲ್ಲ" ಅಂತ ಬರುತ್ತದೆ. ತಕ್ಷಣ ಮನೆ ತುಂಬ ಹಿತ್ತಾಳೆ. ಇಲ್ಲದ್ದೆಲ್ಲ ಬೇಕಾದ್ದಲ್ಲ. ಎಳೆಮರದ ಜಾತಕದಲ್ಲಿ ಕೊಡಲಿ ಇಲ್ಲದಿರುವುದು ಕೊರತೆಯೇ? ಮೊದಲು ಋತು ನೋಡಬೇಕು, "ನಾನು" ಅನ್ನುವ ಅಕ್ಷರಕ್ಕೆ ಬಲ ಇದೆಯೋ ಇಲ್ಲವೋ ನೋಡಬೇಕು. ಆಮೇಲೆ ಯಾವುದು ಔಷಧಿ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ಔಷಧಿ ಜಾತಕದಲ್ಲೇ ಇರುತ್ತದೆ, ಎಲ್ಲೋ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು.

ಇದೇ ತಪ್ಪು 2024ರಿಂದ ಇನ್ನೊಂದು ವೇಷದಲ್ಲಿ ಬಂದಿದೆ. ಫೆಂಗ್ ಶುಯಿಯಲ್ಲಿ ಇಪ್ಪತ್ತು ವರ್ಷಕ್ಕೊಂದು ಘಟ್ಟ. ಎಂಟನೆಯದು 2004ರಿಂದ 2023ರವರೆಗೆ ಇತ್ತು, ಒಂಬತ್ತನೆಯದು 2043ರ ಕೊನೆಯವರೆಗೆ. ಒಂಬತ್ತು ಬೆಂಕಿಯ ಸಂಖ್ಯೆ. ಅದಕ್ಕೆ ಎಲ್ಲರೂ ಕೆಂಪು ಸೋಫಾ, ಕೆಂಪು ಗೋಡೆ, ಕೆಂಪು ದೀಪ. ಹತ್ತನೇ ಮಹಡಿಯ ನಮ್ಮ ಅಂಕಲ್‌ಗೂ ಯಾರೋ ಕೆಂಪು ಪರದೆ ಮಾರಿದ್ದರು. ಮೊದಲೇ ಕಾದ ಹೆಂಚು, ಅದರ ಮೇಲೆ ಇದು. ಘಟ್ಟ ಊರಿಗೆಲ್ಲ ಒಂದೇ. ಆದರೆ ಮನುಷ್ಯನಿಗೆ ತನ್ನದೇ ಹತ್ತು ಹತ್ತು ವರ್ಷದ ದಶೆಗಳೂ ಇರುತ್ತವೆ. ಅವು ಯಾವ ವಯಸ್ಸಿಗೆ ಶುರುವಾಗುತ್ತವೆ ಅನ್ನುವುದು ಹುಟ್ಟಿದ ದಿನದ ಮೇಲೆ ನಿಂತಿರುತ್ತದೆ. ಮುಂದಿನ ಇಲ್ಲವೇ ಹಿಂದಿನ ಋತುಸಂಧಿಗೆ ಎಷ್ಟು ದಿನ ಅಂತ ಎಣಿಸಿ, ಮೂರು ದಿನಕ್ಕೆ ಒಂದು ವರ್ಷದ ಹಾಗೆ ಲೆಕ್ಕ ಹಾಕುತ್ತಾರೆ. ಎರಡು ಗಡಿಯಾರ ಒಟ್ಟಿಗೆ ಓಡುತ್ತಿರುತ್ತವೆ, ಒಂದು ಮನೆಯದ್ದು, ಒಂದು ಒಡೆಯನದ್ದು.

ಹಾಗಾದರೆ ಜಗಳ ಬಂದರೆ ಯಾರ ಮಾತು ಮೇಲು? ಚೀನೀಯರಲ್ಲಿ ಒಂದು ಮಾತಿದೆ: ಒಂದು ಹಣೆಬರಹ, ಎರಡು ಕಾಲ, ಮೂರು ಫೆಂಗ್ ಶುಯಿ, ನಾಲ್ಕು ಗುಟ್ಟಾಗಿ ಮಾಡಿದ ಪುಣ್ಯ, ಐದು ಓದು. ಜಾತಕಕ್ಕೆ ಮೊದಲ ಎರಡು ಸ್ಥಾನ, ಮನೆಗೆ ಮೂರನೆಯದು. ಆದರೆ ಮನೆಯೊಳಗೆ ನಿಂತಾಗ ನಾನು ಬೇರೆ ಕ್ರಮ ಇಟ್ಟುಕೊಂಡಿದ್ದೇನೆ. ಯಾವ ಜಾಗ ಒಳ್ಳೆಯದು ಅಂತ ಮನೆ ಹೇಳಲಿ. ಅದು ಯಾರಿಗೆ ಮತ್ತು ಯಾವಾಗ ಅಂತ ಜಾತಕ ಹೇಳಲಿ. ಅಂಕಲ್‌ನ ಉತ್ತರದ ಕೋಣೆ ತೇವ ಹಿಡಿದು, ಗೋಡೆಯಾಚೆ ಕಕ್ಕಸಿನ ಕೊಳವೆ ಇದ್ದಿದ್ದರೆ, ನೀರು ಬೇಕಾದ ಜಾತಕ ಅಂತ ಅವರನ್ನು ಅಲ್ಲಿ ಮಲಗಿಸುತ್ತಿರಲಿಲ್ಲ. ಎಲ್ಲ ಸಿಫುಗಳೂ ಇದನ್ನು ಒಪ್ಪುವುದಿಲ್ಲ. ಜಾತಕ ಮುಟ್ಟದೆ ಮನೆ ನೋಡುವವರು ಇದ್ದಾರೆ, ಬರೀ ಹುಟ್ಟಿದ ವರ್ಷ ಹಿಡಿದು ಪೂರ್ವದ ಗುಂಪು, ಪಶ್ಚಿಮದ ಗುಂಪು ಅಂತ ವಿಂಗಡಿಸುವವರೂ ಇದ್ದಾರೆ. ಆ ಲೆಕ್ಕದಲ್ಲಿ ಒಂದು ತರಗತಿಯ ಹುಡುಗರಿಗೆಲ್ಲ ಹೆಚ್ಚುಕಮ್ಮಿ ಒಂದೇ ಸಲಹೆ ಸಿಗುತ್ತದೆ. ನನಗದು ತೀರಾ ದಪ್ಪ ಜರಡಿ ಅನ್ನಿಸುತ್ತದೆ.

ಇದು ವಿಜ್ಞಾನ ಅಂತ ನಾನು ಯಾರಿಗೂ ಹೇಳಿಲ್ಲ. ಮೈ ಸರಿಯಿಲ್ಲ ಅಂದವರಿಗೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ, ಆಮೇಲೆ ಮಂಚದ ಮಾತು ಅನ್ನುತ್ತೇನೆ. ವಸ್ತುಗಳನ್ನಂತೂ ಮಾರುವುದೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಫೆಂಗ್ ಶುಯಿ ಅಂದರೆ ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಬಾಟಲಿಯಲ್ಲಿ ನಿಂತ ಅದೃಷ್ಟದ ಬಿದಿರು. ಆ ಗಿಡ ಬಿದಿರೂ ಅಲ್ಲ, ಅದರ ಮೂಲ ಚೀನಾವೂ ಅಲ್ಲ, ಆಫ್ರಿಕಾ! ನಾನು ಬದಲಿಸುವುದು ಮೂರನ್ನೇ. ಮಂಚ, ಮೇಜು, ಒಲೆ. ಗಂಡನಿಗೆ ನೀರು, ಹೆಂಡತಿಗೆ ಬೆಂಕಿ ಬೇಕಾಗಿ ಬಂದರೆ ಮಂಚ ಒಬ್ಬರ ಪಾಲಿಗೆ, ಮೇಜು ಇನ್ನೊಬ್ಬರ ಪಾಲಿಗೆ. ಮಂಚ ಯಾರಿಗೆ ಅನ್ನುವುದರ ಮೇಲೆ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದೂ ನನಗೆ ಗೊತ್ತಾಗಿಬಿಡುತ್ತದೆ.

ತಪ್ಪುವುದು ಎಲ್ಲಿ ಅಂದರೆ ಅಳತೆಯಲ್ಲಿ. ಎಚ್‌ಡಿಬಿ ಮನೆಯ ಕಬ್ಬಿಣದ ಗೇಟಿನ ಮುಂದೆ ದಿಕ್ಸೂಚಿ ಹಿಡಿದರೆ ಸೂಜಿ ಕುಡಿದವರ ಹಾಗೆ ತೂಗುತ್ತದೆ. ಫೋನಿನ ಕವರಿನಲ್ಲಿ ಅಯಸ್ಕಾಂತ ಇದ್ದರಂತೂ ಮುಗಿಯಿತು. ಐದಾರು ಕಡೆ ನಿಂತು ಅಳೆಯಬೇಕು, ಒಂದು ಅಕ್ಷರಕ್ಕಿರುವುದೇ 15 ಡಿಗ್ರಿ, ನಾಲ್ಕೈದು ಡಿಗ್ರಿ ತಪ್ಪಿದರೆ ಪಕ್ಕದ ಅಕ್ಷರಕ್ಕೆ ಜಾರಬಹುದು. ಹುಟ್ಟಿದ ಹೊತ್ತಿನದ್ದೂ ಇದೇ ಕಥೆ. ಎರಡು ಗಂಟೆಗೊಂದು ಅಕ್ಷರ, ಅದೂ ಸೂರ್ಯನ ಗಂಟೆ, ಗೋಡೆಯ ಗಡಿಯಾರದ್ದಲ್ಲ. ಸಿಂಗಪುರದ ಗಡಿಯಾರ ಅಲ್ಲಿನ ಸೂರ್ಯನಿಗಿಂತ ಸುಮಾರು ಒಂದು ಗಂಟೆ ಐದು ನಿಮಿಷ ಮುಂದೆ. 1982ರ ಜನವರಿ 1ಕ್ಕೆ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದರು, 1970ರ ದಶಕದಲ್ಲಿ ಹುಟ್ಟಿದವರಿಗೆ 35 ನಿಮಿಷ ಕಳೆದರೆ ಸಾಕು. ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಸುಮಾರು 20 ನಿಮಿಷ.

ಆ 20 ನಿಮಿಷ ನನಗೆ ಒಮ್ಮೆ ಸರಿಯಾಗಿ ಬುದ್ಧಿ ಕಲಿಸಿತು. 2024ರಲ್ಲಿ ಒಂದು ಕನ್ನಡದ ಜೋಡಿ ಬಾಡಿಗೆ ಮನೆಗೆ ಕರೆದಿದ್ದರು. ಹುಡುಗಿ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವಳು. ದಿನದ ಅಕ್ಷರ ಯಿ, ಬಳ್ಳಿಯಂಥ ಮರ. ಹೊತ್ತು ಬೆಳಿಗ್ಗೆ ಏಳೂವರೆ ಅಂತ ಅವರಮ್ಮ ಹೇಳಿದ್ದರು. 20 ನಿಮಿಷ ಕಳೆದರೂ ಏಳು ಹತ್ತು. ಏಳರಿಂದ ಒಂಬತ್ತು ಚೆನ್, ಮಣ್ಣಿನ ಅಕ್ಷರ. ಬಳ್ಳಿಗೆ ಆಧಾರ ಸಾಲದು, ಮೇಜನ್ನು ಪೂರ್ವದ ಮೂಲೆಗೆ ಹಾಕಿ, ಅದು ಮರದ ದಿಕ್ಕು ಅಂದೆ. ಆ ಮೂಲೆಯಲ್ಲಿ ಮೂರು ಬಾಗಿಲಿನ ಬೀರು ಇತ್ತು. ಗಂಡ, ಅವನ ಗೆಳೆಯ ಸೇರಿ ಶನಿವಾರ ಪೂರ್ತಿ ಅದನ್ನು ಸರಿಸಿದರು.

ಭಾನುವಾರ ಹುಡುಗಿಯ ಫೋನ್. "ಅಕ್ಕ, ಅಮ್ಮ ಈಗ ಬೇರೆ ಹೇಳ್ತಾ ಇದ್ದಾರೆ. ದೊಡ್ಡಮ್ಮನ್ನ ಕೇಳಿದ್ರಂತೆ. ಆಸ್ಪತ್ರೆಯ ರೇಡಿಯೋದಲ್ಲಿ ಸಂಸ್ಕೃತ ವಾರ್ತೆ ಮುಗೀತಾ ಇತ್ತಂತೆ, ಆಗ ನಾನು ಅತ್ತಿದ್ದಂತೆ."

ಆಕಾಶವಾಣಿಯ ಸಂಸ್ಕೃತ ವಾರ್ತೆ ಆಗ 6:55ಕ್ಕೆ ಶುರುವಾಗುತ್ತಿತ್ತು. ಮುಗಿಯುವಾಗ ಏಳು. ಸೂರ್ಯನ ಲೆಕ್ಕದಲ್ಲಿ ಆರೂ ನಲವತ್ತು. ಅದು ಚೆನ್ ಅಲ್ಲ, ಮಾವ್. ಮಾವ್ ಅಂದರೆ ಮರ, ಮಾವ್ ಅಂದರೆ ಪೂರ್ವವೇ. ಬಳ್ಳಿಯ ಬೇರು ಅವಳ ಜಾತಕದಲ್ಲೇ ಗಟ್ಟಿಯಾಗಿ ಕೂತಿದೆ. ಅವಳಿಗೆ ಬೇಕಾದದ್ದು ಪೂರ್ವ ಅಲ್ಲ, ಬೇಸಿಗೆಯ ತಿಂಗಳಿಗೆ ನೀರು. ಮೇಜು ಉತ್ತರದ ಕಿಟಕಿಗೆ ಹೋಗಬೇಕು, ಆ ಕಿಟಕಿಯ ಮುಂದೆ ಈಗ ಬೀರು ನಿಂತಿದೆ.

ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ದೂರದಿಂದ ಗಂಡನ ಧ್ವನಿ. "ಅಮ್ಮಂಗೆ ಇನ್ನೊಂದ್ಸಲ ಫೋನ್ ಮಾಡಿ ಕೇಳು. ಸಂಸ್ಕೃತ ವಾರ್ತೆನಾ, ಕನ್ನಡ ವಾರ್ತೆನಾ ಅಂತ."